ತೊಟ್ಟಿಲ ಬಳಿಯ ಮುಂಗುಸಿ: ಮಗುವಿನೊಡನೆ ಬೆಳೆದ ಸಾಕುಪ್ರಾಣಿಯ ಕಥೆಯೊಂದರ ಚರಿತ್ರೆ

೧

ಸಾಕುಪ್ರಾಣಿಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಎದುರಾಗುವ ತೊಡಕು ಆಧಾರಗಳ ಅಭಾವ. ಅರಸರ ಆನೆ ಕುದುರೆಗಳ ಲಕ್ಷಣವನ್ನೂ ಚಿಕಿತ್ಸೆಯನ್ನೂ ಕುರಿತು ನಮ್ಮಲ್ಲಿ ಶಾಸ್ತ್ರಗ್ರಂಥಗಳೇ ಹುಟ್ಟಿವೆ. ತುರುಗೊಳಿನಲ್ಲಿ ಹಸುಗಳನ್ನು ಮರಳಿಸಲು ಹೋರಾಡಿ ಮಡಿದ ವೀರರ ಕಲ್ಲುಗಳು ಕನ್ನಡ ನಾಡಿನ ಉದ್ದಗಲಕ್ಕೂ ನಿಂತಿವೆ. ಆದರೆ ಸಾಮಾನ್ಯನ ಮನೆಯಲ್ಲಿ ಒಲೆಯ ಬೂದಿಯ ಬೆಚ್ಚನೆಯಲ್ಲಿ ಮಲಗಿದ್ದ ಬೆಕ್ಕಿಗೆ, ಹೊಸ್ತಿಲ ಬಳಿ ಮುದುಡಿಕೊಂಡಿದ್ದ ನಾಯಿಗೆ, ಮಗುವಿನ ಕೈತುತ್ತಿನಲ್ಲಿ ಪಾಲು ಪಡೆದ ಗಿಳಿಗೆ ಶಾಸನವನ್ನು ಹಾಕಿಸಿದವರು ತೀರ ವಿರಳ. ಮಕ್ಕಳ ಚರಿತ್ರೆಯ ಪಾಡೂ ಇದೇ. ತೊಟ್ಟಿಲಲ್ಲಿರುವ ಕೂಸು ತನ್ನ ವೃತ್ತಾಂತವನ್ನು ತಾನು ಬರೆಯಲಾರದು. ಅದರ ಪಕ್ಕದಲ್ಲಿ ಬೆಳೆದ ಪ್ರಾಣಿಯೂ ಬರೆಯಲಾರದು. ಇವರಿಬ್ಬರ ಸಹವಾಸವನ್ನು ತಿಳಿಯಬೇಕಾದರೆ ಹಿರಿಯರು ಇವರನ್ನು ಕುರಿತು ಹೇಳಿಕೊಂಡ ಕಥೆಗಳನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕಾಗುತ್ತದೆ.

ಅಂತಹ ಕಥೆಗಳಲ್ಲಿ ಒಂದು ಎಲ್ಲಕ್ಕಿಂತ ಹೆಚ್ಚು ದೂರ ಸಂಚರಿಸಿದೆ. ಬ್ರಾಹ್ಮಣನೊಬ್ಬನ ಮನೆಯಲ್ಲಿ ಮುಂಗುಸಿಯೊಂದು ಮಗುವಿನ ಜತೆಯಲ್ಲಿ ಬೆಳೆಯಿತು. ಮನೆಯಲ್ಲಿ ಯಾರೂ ಇಲ್ಲದ ವೇಳೆಯಲ್ಲಿ ತೊಟ್ಟಿಲತ್ತ ಬಂದ ಹಾವನ್ನು ಅದು ಕೊಂದಿತು. ರಕ್ತ ಮೆತ್ತಿದ ಬಾಯಿಯನ್ನು ಕಂಡ ಹಿರಿಯರು ಅದೇ ಮಗುವನ್ನು ತಿಂದಿತೆಂದು ಭ್ರಮಿಸಿ ಅದನ್ನು ಕೊಂದರು. ಒಳಗೆ ಹೋಗಿ ನೋಡಿದರೆ ಮಗು ಸುಖವಾಗಿ ಮಲಗಿತ್ತು. ಇಷ್ಟೇ ಕಥೆ. ಇದನ್ನು ಕೇಳದೆ ಬೆಳೆದ ಕನ್ನಡಿಗರು ಕಡಮೆ. ವಿಚಾರಿಸದೆ ಯಾವ ಕಾರ್ಯವನ್ನೂ ಮಾಡಬಾರದು ಎಂಬ ನೀತಿಯನ್ನು ಕೊನೆಗೆ ಹೇಳಿ ಹಿರಿಯರು ಕಥೆಯನ್ನು ಮುಗಿಸುವುದು ವಾಡಿಕೆ.

ವಿದ್ವಾಂಸರು ಈ ಕಥೆಯನ್ನು ಬಹುಕಾಲದಿಂದ ಪರಿಶೀಲಿಸಿದ್ದಾರೆ. ೧೮೫೯ರಲ್ಲಿ ಜರ್ಮನಿಯ ಥಿಯೊಡೋರ್ ಬೆನ್ಫೆ ತಮ್ಮ ಪಂಚತಂತ್ರದ ಅನುವಾದಕ್ಕೆ ಬರೆದ ದೀರ್ಘ ಪೀಠಿಕೆಯಿಂದ ಮೊದಲಾಗಿ ಅವರ ಗಮನವು ವಿಶೇಷವಾಗಿ ಕಥೆ ಸಾಗಿದ ದಾರಿಯ ಮೇಲೆ ನೆಟ್ಟಿತು. ಜಾನಪದ ಕಥಾವರ್ಗಗಳ ಅಂತರರಾಷ್ಟ್ರೀಯ ಸೂಚಿಯಲ್ಲಿ ಇದಕ್ಕೆ ೧೭೮ಎ ಎಂಬ ಸಂಖ್ಯೆ ದೊರೆತಿದೆ. ಪ್ರಕೃತ ಲೇಖನದಲ್ಲಿ ನಾವು ಆ ದಾರಿಯನ್ನು ಸ್ಥೂಲವಾಗಿ ಅನುಸರಿಸುತ್ತ ಬೇರೆ ಮೂರು ಪ್ರಶ್ನೆಗಳನ್ನು ಕೇಳಬಯಸುತ್ತೇವೆ. ಪ್ರಾಣಿಯನ್ನು ಸಾಕಿದವರು ಯಾರು? ತೊಟ್ಟಿಲನ್ನು ಬಿಟ್ಟು ಹೋದವರು ಯಾರು, ಏಕೆ ಹೋದರು? ಕೈ ಎತ್ತಿದವರು ಯಾರು? ಈ ಮೂರಕ್ಕೆ ಬೇರೆ ಬೇರೆ ಪಾಠಗಳು ಕೊಡುವ ಬೇರೆ ಬೇರೆ ಉತ್ತರಗಳಲ್ಲಿ, ಮಗುವನ್ನೂ ಪ್ರಾಣಿಯನ್ನೂ ಒಂದೇ ಸೂರಿನಡಿ ಬೆಳೆಸಿದ ಮನೆಗಳ ಚಿತ್ರ ಅಡಗಿದೆಯೆಂಬುದು ನಮ್ಮ ಅಭಿಪ್ರಾಯ.

೨

ಮುಂಗುಸಿಯನ್ನು ಮನೆಯಲ್ಲಿ ಸಾಕುವುದು ಕಥೆಗಾರರ ಕಲ್ಪನೆ ಮಾತ್ರವಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ತಿಳಿಯಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅರಮನೆಯ ರಕ್ಷಣೆಯನ್ನು ಹೇಳುವ ಪ್ರಕರಣವೊಂದಿದೆ. ಬೆಕ್ಕು, ನವಿಲು, ಮುಂಗುಸಿ, ಚುಕ್ಕೆಜಿಂಕೆಗಳನ್ನು ಅರಮನೆಯಲ್ಲಿ ಬಿಟ್ಟರೆ ಅವು ಹಾವುಗಳನ್ನು ತಿನ್ನುತ್ತವೆಂದೂ, ಗಿಳಿ, ಗೊರವಂಕ ಮೊದಲಾದ ಹಕ್ಕಿಗಳು ಸರ್ಪವಿಷದ ಶಂಕೆಯುಂಟಾದಾಗ ಕೂಗಿ ಎಚ್ಚರಿಸುತ್ತವೆಂದೂ ಅಲ್ಲಿ ಹೇಳಿದೆ. ಜಿಂಕೆಯ ವಿಷಯದಲ್ಲಿ ಆಚಾರ್ಯನ ಮಾತನ್ನು ನಂಬುವುದು ಕಷ್ಟ. ಆದರೆ ಒಂದು ಸಂಗತಿ ಇದರಿಂದ ಸ್ಪಷ್ಟವಾಗುತ್ತದೆ: ಇಂದು ನಾವು ಮುದ್ದಿಗಾಗಿ ಸಾಕುತ್ತೇವೆಂದು ಹೇಳುವ ಪ್ರಾಣಿಗಳು ಅಂದು ಮನೆಯ ಕಾವಲುಗಾರರಾಗಿಯೂ ಇದ್ದುವು. ಮುದ್ದು ಮತ್ತು ಕಾವಲು ಎಂಬ ಎರಡು ಉದ್ದೇಶಗಳು ಬೇರೆ ಬೇರೆಯಾಗಿ ನಿಂತಿರಲಿಲ್ಲ.

ಮುಂಗುಸಿಯ ಈ ಸಾಮರ್ಥ್ಯಕ್ಕೆ ಶರೀರಶಾಸ್ತ್ರದ ಆಧಾರವೂ ದೊರೆತಿದೆ. ನಾಗರಹಾವಿನಂತಹ ಸರ್ಪಗಳ ವಿಷವು ನರದಿಂದ ಸ್ನಾಯುವಿಗೆ ಸಂದೇಶ ಮುಟ್ಟುವ ಎಡೆಯಲ್ಲಿರುವ ಗ್ರಾಹಕಗಳಿಗೆ ಅಂಟಿಕೊಂಡು ಉಸಿರಾಟವನ್ನು ನಿಲ್ಲಿಸುತ್ತದೆ. ಮುಂಗುಸಿಯ ಗ್ರಾಹಕಗಳ ರಚನೆಯಲ್ಲಿ ಆಗಿರುವ ಸಣ್ಣ ಮಾರ್ಪಾಟಿನಿಂದ ಆ ವಿಷ ಅಲ್ಲಿ ಸರಿಯಾಗಿ ನೆಲೆಗೊಳ್ಳಲಾರದೆಂದು ೧೯೯೨ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹಾಗೆಂದು ಮುಂಗುಸಿಗೆ ವಿಷವೇ ತಾಗದೆಂದಲ್ಲ. ಅದರ ಗೆಲವಿನಲ್ಲಿ ಚುರುಕುತನದ ಪಾಲೂ ಸಾಕಷ್ಟಿದೆ.

ಹಾವಿನ ಭಯ ಎಷ್ಟು ನಿಜವಾದದ್ದೆಂಬುದನ್ನೂ ಇಲ್ಲಿಯೇ ಹೇಳಬೇಕು. ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ೨೦೦೦ದಿಂದ ೨೦೧೯ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು ೧೨ ಲಕ್ಷ ಮಂದಿ. ಎಂದರೆ ವರ್ಷಕ್ಕೆ ಸರಾಸರಿ ೫೮,೦೦೦. ಇವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನ ೧೫ ವರ್ಷ ತುಂಬದ ಮಕ್ಕಳು. ವಿಷಹಾರಿ ಔಷಧವು ದೊರೆಯುವ ಕಾಲದಲ್ಲಿಯೇ ಸ್ಥಿತಿ ಹೀಗಿದ್ದರೆ, ಮಣ್ಣುನೆಲದ ಮೇಲೆ ಮಗುವನ್ನು ಮಲಗಿಸಿ ತಾಯಿ ನೀರಿಗೆ ಹೋಗುತ್ತಿದ್ದ ಹಿಂದಿನ ದಿನಗಳಲ್ಲಿ ಆ ತಾಯಿಯ ಮನಸ್ಸು ಹೇಗಿದ್ದಿರಬೇಕೆಂಬುದನ್ನು ಊಹಿಸಬಹುದು. ನಮ್ಮ ಕಥೆ ಹುಟ್ಟಿದ್ದು ಆ ಮನಸ್ಸಿನಲ್ಲಿ.

೩

ಈಗ ಪಾಠಗಳ ಕಡೆಗೆ ತಿರುಗೋಣ. ಪಂಚತಂತ್ರದ ಮೂಲರೂಪ ನಮಗೆ ಉಳಿದುಬಂದಿಲ್ಲ. ಅದರಿಂದ ಹೊರಟ ಕವಲುಗಳನ್ನು ಹೋಲಿಸಿ ೧೯೨೪ರಲ್ಲಿ ಫ್ರಾಂಕ್ಲಿನ್ ಎಡ್ಜರ್ಟನ್ನರು ಪುನಾರಚಿಸಿದ ಪಾಠದಲ್ಲಿ ಮುಂಗುಸಿಯನ್ನು ಮಗನಂತೆ ಸಾಕಿದವನು ಬ್ರಾಹ್ಮಣನೇ. ಹೆಂಡತಿ ಸ್ನಾನಕ್ಕೆಂದು ಹೋಗುವಾಗ ಕೂಸನ್ನು ಗಂಡನಿಗೆ ಒಪ್ಪಿಸುತ್ತಾಳೆ. ಅಷ್ಟರಲ್ಲಿ ಅರಮನೆಯಿಂದ ಕರೆ ಬರುತ್ತದೆ. ಬಡ ಬ್ರಾಹ್ಮಣನಿಗೆ ಆ ಕರೆಯನ್ನು ಬಿಡುವಂತಿಲ್ಲ. ಮಗುವನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಮುಂಗುಸಿಯನ್ನು ಕಾವಲಿಟ್ಟು ಹೊರಟುಹೋಗುತ್ತಾನೆ. ಹಿಂದಿರುಗಿದಾಗ ಮುಂಗುಸಿಯನ್ನು ಕೊಲ್ಲುವವನೂ ಅವನೇ. ನಾರಾಯಣ ಪಂಡಿತನ ಹಿತೋಪದೇಶವೂ ಇದೇ ಸಂಪ್ರದಾಯವನ್ನು ಅನುಸರಿಸಿದೆ. ಅಲ್ಲಿ ಬ್ರಾಹ್ಮಣನು ಉಜ್ಜಯಿನಿಯವನು, ಹೆಸರು ಮಾಧವ. ತಡಮಾಡಿದರೆ ಶ್ರಾದ್ಧದ ದಾನ ಬೇರೆಯವನ ಪಾಲಾದೀತೆಂದು ಅವನು ಲೆಕ್ಕ ಹಾಕುವುದನ್ನು ಕವಿ ಮರೆಮಾಚಿಲ್ಲ.

೧೧೯೯ರಲ್ಲಿ ಪೂರ್ಣಭದ್ರನೆಂಬ ಜೈನ ಯತಿಯು ಸಿದ್ಧಪಡಿಸಿದ ಪಾಠಕ್ಕೆ ಬಂದರೆ ಪಾತ್ರಗಳು ಅದಲುಬದಲಾಗಿವೆ. ಇಲ್ಲಿ ಮುಂಗುಸಿಯನ್ನು ಸಾಕಿದವಳು ತಾಯಿ. ಎಳೆಯ ಮುಂಗುಸಿಗೆ ತನ್ನ ಮಗನಿಗೆ ಮಾಡುವಂತೆಯೇ ಹಾಲುಣಿಸಿ, ಮೀಯಿಸಿ ಬೆಳೆಸುತ್ತಾಳೆ. ಆದರೂ ಜಾತಿಸ್ವಭಾವದಿಂದ ಅದು ಎಂದಾದರೂ ಮಗನಿಗೆ ಕೇಡುಮಾಡೀತೆಂಬ ಶಂಕೆ ಅವಳನ್ನು ಬಿಡುವುದಿಲ್ಲ. ಕೊಡವನ್ನು ಹೊತ್ತು ನೀರಿಗೆ ಹೊರಡುವಾಗ, ಮುಂಗುಸಿಯಿಂದ ಮಗುವನ್ನು ಕಾಯಬೇಕೆಂದು ಗಂಡನಿಗೆ ಹೇಳಿಯೇ ಹೋಗುತ್ತಾಳೆ. ಅವನಾದರೋ ಭಿಕ್ಷೆಗೆಂದು ಮನೆಯನ್ನು ಬರಿದು ಮಾಡಿ ಹೊರಡುತ್ತಾನೆ. ಹಾವನ್ನು ತುಂಡರಿಸಿದ ಮುಂಗುಸಿಯು ತಾನು ಮಾಡಿದ ಕೆಲಸವನ್ನು ತಿಳಿಸುವ ಉತ್ಸಾಹದಿಂದ ತಾಯಿಯ ಎದುರಿಗೆ ಓಡುತ್ತದೆ. ಅವಳು ತುಂಬಿದ ಕೊಡವನ್ನು ಅದರ ಮೇಲೆ ಎತ್ತಿಹಾಕುತ್ತಾಳೆ. ಸತ್ಯ ತಿಳಿದ ಮೇಲೆ ಅವಳು ಎದೆ ಬಡಿದುಕೊಂಡು ಅಳುವುದರ ಜತೆಗೆ, ಹಿಂದಿರುಗಿದ ಗಂಡನನ್ನು ಕುರಿತು, ನಿನ್ನ ಆಸೆಬುರುಕತನದಿಂದಲೇ ಈ ಪುತ್ರಶೋಕ ನಮಗೆ ಒದಗಿತೆಂಬ ಅರ್ಥದ ಮಾತನ್ನು ಆಡುತ್ತಾಳೆ. ಮಗು ಬದುಕಿದೆ, ಆದರೂ ಅವಳು ಹೇಳುವುದು ಪುತ್ರಶೋಕವೆಂದು. ಮುಂಗುಸಿಯನ್ನು ಅವಳು ಮಗನೆಂದು ಎಣಿಸಿದ್ದಳೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಎರಡು ಸಂಪ್ರದಾಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಎರಡು ಅಂಶಗಳು ಎದ್ದುಕಾಣುತ್ತವೆ. ಮೊದಲನೆಯದು, ಮನೆಯಲ್ಲಿ ಮೂರನೆಯ ಕೈ ಇಲ್ಲದಿರುವುದು. ಹಿಂದಿನ ಕಾಲದ ಮನೆಯೆಂದೊಡನೆ ಅಜ್ಜಿ, ಅತ್ತೆ, ಅತ್ತಿಗೆಯರಿಂದ ತುಂಬಿದ ಒಟ್ಟುಕುಟುಂಬವನ್ನು ನಾವು ಕಲ್ಪಿಸಿಕೊಳ್ಳುತ್ತೇವೆ. ಈ ಕಥೆಯ ಮನೆಯಲ್ಲಿ ಗಂಡ, ಹೆಂಡತಿ, ಕೂಸು, ಮುಂಗುಸಿ ಇಷ್ಟೇ ಮಂದಿ. ನೀರು ತರಬೇಕು, ಅನ್ನ ಗಳಿಸಬೇಕು, ಮಗುವನ್ನು ಕಾಯಬೇಕು. ಮೂರು ಕೆಲಸಗಳಿಗೆ ಇರುವುದು ಇಬ್ಬರು. ಮೂರನೆಯ ಕೆಲಸ ಪ್ರಾಣಿಯ ಪಾಲಿಗೆ ಬಿದ್ದದ್ದು ಬಡತನದಿಂದ. ಎರಡನೆಯದು, ಪ್ರಾಣಿಯನ್ನು ಕುರಿತು ಹಿರಿಯರ ಮನಸ್ಸು ಎರಡಾಗಿರುವುದು. ಒಂದು ಪಾಠದಲ್ಲಿ ತಂದೆ ಅದನ್ನು ಅತಿಯಾಗಿ ನಂಬಿ ಬಿಟ್ಟುಹೋಗುತ್ತಾನೆ, ಮರುಗಳಿಗೆಯೇ ಅತಿಯಾಗಿ ಶಂಕಿಸಿ ಕೊಲ್ಲುತ್ತಾನೆ. ಇನ್ನೊಂದರಲ್ಲಿ ತಾಯಿ ಹಾಲುಣಿಸುತ್ತಲೇ ಶಂಕಿಸುತ್ತಾಳೆ. ನೀತಿವಾಕ್ಯವು ಕೊಂದ ಕ್ಷಣದ ಅವಿಚಾರವನ್ನು ಮಾತ್ರ ಖಂಡಿಸುತ್ತದೆ. ಬಿಟ್ಟುಹೋದ ಕ್ಷಣದ ಅವಿಚಾರ ಅದಕ್ಕಿಂತ ಮೊದಲಿನದು ಎಂಬುದನ್ನು ಹೇಳಿದವಳು ಪೂರ್ಣಭದ್ರನ ಪಾಠದ ಆ ತಾಯಿಯೊಬ್ಬಳೇ.

೪

ಕನ್ನಡ ನಾಡಿನಲ್ಲಿ ಪಂಚತಂತ್ರದ ಕಥೆಗಳು ಬಹು ಹಿಂದಿನಿಂದ ಪ್ರಚಾರದಲ್ಲಿದ್ದುವೆಂಬುದಕ್ಕೆ ೮ನೆಯ ಶತಮಾನದ ಪಟ್ಟದಕಲ್ಲಿನ ದೇವಾಲಯಗಳಲ್ಲಿ ಕೊರೆದಿರುವ ಶಿಲ್ಪಗಳೇ ಸಾಕ್ಷಿ. ಗ್ರಂಥರೂಪದಲ್ಲಿ ಅವನ್ನು ನಮ್ಮ ಭಾಷೆಗೆ ತಂದವನು ಚಾಲುಕ್ಯ ಚಕ್ರವರ್ತಿ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ. ಆತನ ಚಂಪೂ ರೂಪದ ಪಂಚತಂತ್ರ ೧೦೩೧ರ ಸುಮಾರಿನದು. ಗುಣಾಢ್ಯನ ಬೃಹತ್ಕಥೆಯಿಂದ ವಸುಭಾಗಭಟ್ಟನು ಆರಿಸಿ ಸಂಸ್ಕೃತದಲ್ಲಿ ಹೇಳಿದ ಐದು ಕಥೆಗಳನ್ನು ತಾನು ಕನ್ನಡಿಸಿದುದಾಗಿ ದುರ್ಗಸಿಂಹನೇ ತಿಳಿಸುತ್ತಾನೆ. ನಾವು ಸಾಮಾನ್ಯವಾಗಿ ಬಲ್ಲ ವಿಷ್ಣುಶರ್ಮನ ಸಂಪ್ರದಾಯಕ್ಕಿಂತ ಇದು ಬೇರೆ ಕವಲು. ಮೈಸೂರಿನ ವಿದ್ವಾಂಸರಾದ ಎ. ವೆಂಕಟಸುಬ್ಬಯ್ಯನವರು ಈ ಕವಲಿಗೂ ಜಾವಾ ದ್ವೀಪದ ತಂತ್ರಿ ಕಥೆಗಳಿಗೂ ಇರುವ ನಂಟನ್ನು ಎತ್ತಿ ತೋರಿಸಿ ಕನ್ನಡ ಗ್ರಂಥದ ಮಹತ್ತ್ವವನ್ನು ಹೊರನಾಡಿನ ಪಂಡಿತರಿಗೂ ಮನಗಾಣಿಸಿದರು. ದುರ್ಗಸಿಂಹನ ಐದು ಪ್ರಕರಣಗಳ ಹೆಸರುಗಳು ಭೇದ, ಪರೀಕ್ಷಾ, ವಿಶ್ವಾಸ, ವಂಚನಾ, ಮಿತ್ರಕಾರ್ಯ. ಪರೀಕ್ಷೆ ಮತ್ತು ವಿಶ್ವಾಸಗಳನ್ನು ಪಕ್ಕಪಕ್ಕದಲ್ಲಿ ಇರಿಸಿರುವ ಈ ಅನುಕ್ರಮವು ಗಮನಾರ್ಹವಾದದ್ದು. ಮುಂಗುಸಿಯ ಕಥೆಯ ತಿರುಳೂ ಈ ಎರಡರ ನಡುವಣ ತೊಡಕೇ ಅಲ್ಲವೇ?

ಕನ್ನಡ ನಾಡಿನಲ್ಲಿ ಪ್ರಾಣಿಯ ಸಾವನ್ನು ಬೇರೊಂದು ಬಗೆಯಲ್ಲಿ ನೆನೆದದ್ದೂ ಉಂಟು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ೯೪೯-೫೦ರ ಶಿಲಾಶಾಸನವನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲರೂ ತಕ್ಕೋಲದ ಯುದ್ಧದ ಆಧಾರವಾಗಿ ಓದುತ್ತಾರೆ. ಆದರೆ ಆ ಕಲ್ಲು ನಿಂತದ್ದು ಒಂದು ನಾಯಿಗಾಗಿ. ಗಂಗರ ಬೂತುಗನ ಸೇವಕನಾದ ಮಣಲೇರನು ಯುದ್ಧದಲ್ಲಿ ತೋರಿದ ಪರಾಕ್ರಮವನ್ನು ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯನ್ನು ಕಾಡುಹಂದಿಯೊಂದರ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಹೋರಾಡಿ ಜತೆಯಾಗಿ ಸತ್ತುವು. ಅದರ ನೆನಪಿಗೆ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನೆಡಿಸಿ, ಭೂಮಿಯನ್ನು ಬಿಟ್ಟು, ಕಲ್ಲಿಗೆ ಪೂಜೆ ನಡೆಯುವಂತೆ ಕಟ್ಟುಮಾಡಿದರು. ಕಾಳಿಯದು ವೀರಮರಣ, ಅದರಲ್ಲಿ ಯಾರ ತಪ್ಪೂ ಇಲ್ಲ, ಆದಕಾರಣ ಕಲ್ಲಿನಲ್ಲಿ ಕೊರೆಯಲು ಸಂಕೋಚವಿರಲಿಲ್ಲ. ಮುಂಗುಸಿಯದು ಮನೆಯವರ ಕೈಯಿಂದಲೇ ಒದಗಿದ ಸಾವು. ಅಂತಹ ಸಾವಿಗೆ ಕಲ್ಲನ್ನು ಯಾರೂ ನೆಡಿಸಲಿಲ್ಲ, ಕಥೆಯನ್ನು ಮಾತ್ರ ಹೇಳಿದರು.

೫

ಭಾರತದಿಂದ ಹೊರಟ ಕಥೆ ಎರಡು ದಿಕ್ಕಿಗೂ ಸಾಗಿತು. ಬೌದ್ಧರ ಮಹಾಸಾಂಘಿಕ ವಿನಯದ ಮೂಲಕ ೫ನೆಯ ಶತಮಾನದ ಆದಿಭಾಗದಲ್ಲಿಯೇ ಅದು ಚೀನೀ ಭಾಷೆಯನ್ನು ಸೇರಿತ್ತು. ಪಶ್ಚಿಮದ ಕಡೆಗೆ, ೬ನೆಯ ಶತಮಾನದಲ್ಲಿ ಪಾರಸಿಕ ದೊರೆ ಖುಸ್ರು ಅನುಶಿರ್ವಾನನ ಆಸ್ಥಾನದ ಬುರ್ಜೋಯ್ ಎಂಬ ವೈದ್ಯನು ಪಂಚತಂತ್ರವನ್ನು ಪಹ್ಲವಿ ಭಾಷೆಗೆ ತಿರುಗಿಸಿದನು. ೮ನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫಾ ಅದನ್ನು ಅರಬ್ಬಿಯಲ್ಲಿ ಕಲೀಲ ವ ದಿಮ್ನ ಎಂಬ ಹೆಸರಿನಿಂದ ಬರೆದನು. ಮುಂಗುಸಿಯನ್ನು ಕಾಣದ ನಾಡುಗಳಲ್ಲಿ ಮೊದಲು ಅದರ ಸ್ಥಾನಕ್ಕೆ ವೀಸಲ್ ಎಂಬ, ಮುಂಗುಸಿಯನ್ನೇ ಹೋಲುವ ಸಣ್ಣ ಬೇಟೆಪ್ರಾಣಿ ಬಂದಿತು. ಏಳು ಮಂದಿ ವಿವೇಕಿಗಳ ಕಥಾಚಕ್ರವು ಯುರೋಪಿನಲ್ಲಿ ಹರಡಿದಾಗ ಆ ಸ್ಥಾನವನ್ನು ಬೇಟೆನಾಯಿ ಆಕ್ರಮಿಸಿತು. ಬಡ ಬ್ರಾಹ್ಮಣನ ಗುಡಿಸಲು ಸರದಾರನ ಕೋಟೆಯಾಯಿತು. ನೀರಿಗೂ ಭಿಕ್ಷೆಗೂ ಹೋದವರ ಬದಲು, ಸರದಾರರ ಕಾಳಗದ ಪಂದ್ಯವನ್ನು ನೋಡುವ ಆಸೆಯಿಂದ ತೊಟ್ಟಿಲನ್ನು ಬಿಟ್ಟುಹೋದ ದಾದಿಯರು ಬಂದರು. ಕಾಯುವವರಿಗೆ ಕೊರತೆಯಿಲ್ಲದ ಮನೆಯಲ್ಲಿಯೂ ಮಗು ಒಂಟಿಯಾಗಬಹುದೆಂಬುದನ್ನು ಈ ಪಾಠ ನಮಗೆ ತಿಳಿಸುತ್ತದೆ.

ಈ ಪಯಣದಲ್ಲಿ ಅತ್ಯಂತ ವಿಚಿತ್ರವಾದ ಘಟ್ಟ ಫ್ರಾನ್ಸ್ ದೇಶದ್ದು. ೧೩ನೆಯ ಶತಮಾನದ ಮಧ್ಯಭಾಗದಲ್ಲಿ ಬೂರ್ಬೋನ್ ಊರಿನ ಎಟಿಯೆನ್ ಎಂಬ ಡೊಮಿನಿಕನ್ ಸಂನ್ಯಾಸಿಯು ಲಿಯೋನ್ ನಗರದ ಉತ್ತರಕ್ಕಿರುವ ದೋಂಬ್ ಪ್ರಾಂತದಲ್ಲಿ ಧರ್ಮೋಪದೇಶ ಮಾಡುತ್ತಿದ್ದಾಗ, ಅನೇಕ ಹೆಂಗಸರು ತಾವು ಮಕ್ಕಳನ್ನು ಸಂತ ಗಿನ್‌ಫೋರ್‌ನ ಬಳಿಗೆ ಕೊಂಡೊಯ್ದುದಾಗಿ ಪಾಪನಿವೇದನೆಯಲ್ಲಿ ತಿಳಿಸಿದರು. ಯಾರೀ ಸಂತನೆಂದು ವಿಚಾರಿಸಲಾಗಿ ಅದೊಂದು ಬೇಟೆನಾಯಿಯೆಂದು ಗೊತ್ತಾಯಿತು. ತೊಟ್ಟಿಲ ಕೂಸನ್ನು ಹಾವಿನಿಂದ ಉಳಿಸಿ, ಯಜಮಾನನ ಕತ್ತಿಗೆ ಬಲಿಯಾಗಿ, ಬಾವಿಯಲ್ಲಿ ಹಾಕಲ್ಪಟ್ಟ ನಾಯಿ. ಬಾವಿಯ ಮೇಲೆ ಕಲ್ಲು ಪೇರಿಸಿ ಸುತ್ತಲೂ ಮರಗಳನ್ನು ನೆಟ್ಟಿದ್ದರು. ಕಾಲಕ್ರಮದಲ್ಲಿ ಕೋಟೆ ಪಾಳುಬಿದ್ದಿತು. ಹಳ್ಳಿಯ ಜನ ನಾಯಿಯ ಸಮಾಧಿಗೆ ನಡೆದುಕೊಳ್ಳತೊಡಗಿದರು. ಬಡಕಲಾಗಿ ಸೊರಗಿದ ಕೂಸುಗಳನ್ನು ತಾಯಂದಿರು ಅಲ್ಲಿಗೆ ತಂದು, ಉಪ್ಪನ್ನು ಅರ್ಪಿಸಿ, ಎರಡು ಮರಗಳ ನಡುವೆ ಒಂಬತ್ತು ಸಲ ದಾಟಿಸಿ, ಹತ್ತಿರದ ಹೊಳೆಯಲ್ಲಿ ಒಂಬತ್ತು ಸಲ ಅದ್ದುತ್ತಿದ್ದರು. ಈ ಕ್ರಿಯೆಗಳ ನಡುವೆ ಕೆಲವು ಕೂಸುಗಳು ಸತ್ತುದುಂಟೆಂದು ಎಟಿಯೆನ್ ಬರೆದಿದ್ದಾನೆ. ಆತನು ಸಮಾಧಿಯನ್ನು ಅಗೆಸಿ, ಎಲುಬುಗಳನ್ನೂ ಮರಗಳನ್ನೂ ಸುಡಿಸಿ, ಅಲ್ಲಿಗೆ ಹೋಗುವವರಿಗೆ ದಂಡನೆಯನ್ನು ಗೊತ್ತುಮಾಡಿದನು. ಅಷ್ಟಾದರೂ ಆ ನಡವಳಿ ನಿಲ್ಲಲಿಲ್ಲ. ೧೯ನೆಯ ಶತಮಾನದಲ್ಲಿಯೂ ತಾಯಂದಿರು ಆ ಕಾಡಿಗೆ ಹೋಗುತ್ತಿದ್ದರೆಂಬುದನ್ನು ೧೯೭೯ರಲ್ಲಿ ಚರಿತ್ರಕಾರ ಜಾನ್ ಕ್ಲೋದ್ ಶ್ಮಿತ್ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದರು.

ಪಂಡಿತರ ಕೈಯಲ್ಲಿ ನೀತಿಕಥೆಯಾಗಿದ್ದುದು ಹಳ್ಳಿಯ ತಾಯಂದಿರ ಕೈಯಲ್ಲಿ ಮೊರೆಯಾಯಿತು. ಅವರಿಗೆ ವಿಚಾರಿಸದೆ ಕಾರ್ಯಮಾಡಬಾರದೆಂಬ ಉಪದೇಶ ಬೇಕಿರಲಿಲ್ಲ. ಸಾಯುತ್ತಿರುವ ಕೂಸನ್ನು ಉಳಿಸುವವರು ಬೇಕಿದ್ದರು. ಒಮ್ಮೆ ಮಗುವನ್ನು ಉಳಿಸಿ ಅದಕ್ಕಾಗಿ ಅನ್ಯಾಯವಾಗಿ ಸತ್ತ ಪ್ರಾಣಿಗಿಂತ ಆಪ್ತವಾದ ದೈವ ಅವರಿಗೆ ಎಲ್ಲಿ ದೊರೆತೀತು? ಎಟಿಯೆನ್ನನು ಅದನ್ನು ಮೂಢಾಚಾರವೆಂದನು. ಆ ಕ್ರಿಯೆಗಳ ಕ್ರೌರ್ಯವನ್ನು ನೋಡಿದರೆ ಅವನ ಕೋಪಕ್ಕೆ ಕಾರಣವಿತ್ತೆಂದು ನಾವೂ ಒಪ್ಪಬೇಕಾಗುತ್ತದೆ. ಆದರೆ ಆತನ ಬರಹ ಉಳಿಯದಿದ್ದರೆ ಆ ತಾಯಂದಿರ ಸಂಕಟ ನಮಗೆ ತಿಳಿಯುತ್ತಲೇ ಇರಲಿಲ್ಲವೆಂಬುದೂ ಅಷ್ಟೇ ನಿಜ.

ವೇಲ್ಸ್ ನಾಡಿನ ಬೆಡ್‌ಗೆಲರ್ಟ್ ಗ್ರಾಮದ ಪಾಡು ಇದಕ್ಕೆ ವಿರುದ್ಧವಾದದ್ದು. ೧೩ನೆಯ ಶತಮಾನದ ಅರಸ ಲ್ಯೂಯೆಲಿನನ ನಾಯಿ ಗೆಲರ್ಟ್ ತೋಳದಿಂದ ಕೂಸನ್ನು ಉಳಿಸಿ ಅರಸನಿಂದಲೇ ಹತವಾಯಿತೆಂದು ಅಲ್ಲಿ ಹೇಳುತ್ತಾರೆ, ಸಮಾಧಿಯನ್ನೂ ತೋರಿಸುತ್ತಾರೆ. ಗ್ರಾಮದ ಹೆಸರು ವಾಸ್ತವವಾಗಿ ಪ್ರಾಚೀನ ಸಂತನೊಬ್ಬನಿಂದ ಬಂದಿರಬೇಕೆಂದೂ, ಆ ಸಮಾಧಿಯ ಕಲ್ಲನ್ನು ೧೮ನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿನ ವಸತಿಗೃಹದ ಒಡೆಯನು ಪ್ರವಾಸಿಗಳನ್ನು ಆಕರ್ಷಿಸಲು ನೆಡಿಸಿದನೆಂದೂ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಒಂದೇ ಕಥೆ ಒಂದು ಕಡೆ ತಾಯಂದಿರ ಹರಕೆಯಾಯಿತು, ಇನ್ನೊಂದು ಕಡೆ ವ್ಯಾಪಾರದ ಬಂಡವಾಳವಾಯಿತು.

೬

ಕಥೆ ಹೊರನಾಡುಗಳನ್ನು ಸುತ್ತುತ್ತಿದ್ದಾಗಲೂ ನಮ್ಮ ನಾಡಿನಲ್ಲಿ ಜೀವಂತವಾಗಿಯೇ ಇತ್ತು. ಕೊಡವ ಭಾಷೆಯನ್ನೂ ನೀಲಗಿರಿಯ ಭಾಷೆಗಳನ್ನೂ ಅಭ್ಯಾಸ ಮಾಡಿದ ಎಂ. ಬಿ. ಎಮೆನೊ ಅವರು ಈ ಪ್ರಾಚೀನ ಕಥೆಯು ಆಧುನಿಕ ಕಾಲದಲ್ಲಿ ನಿಜವಾಗಿ ನಡೆದ ಘಟನೆಯೆಂಬಂತೆ ವರದಿಯಾದುದನ್ನು ಕುರಿತು ೧೯೪೦ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಸಾವಿರದ ಐನೂರು ವರ್ಷಗಳಿಗಿಂತ ಹಳೆಯ ಕಥೆಯನ್ನು ಜನ ನಿನ್ನೆ ಮೊನ್ನೆ ನಡೆದುದೆಂದು ನಂಬಬೇಕಾದರೆ, ಅದರೊಳಗಿನ ಭಯ ಹಳೆಯದಾಗಿರಲಿಲ್ಲವೆಂದೇ ತಿಳಿಯಬೇಕು.

ಇಂಗ್ಲಿಷಿನಲ್ಲಿ ಬರೆದ ಕಿಪ್ಲಿಂಗನು ೧೮೯೪ರ ತನ್ನ ಕಾಡಿನ ಕಥೆಗಳ ಪುಸ್ತಕದಲ್ಲಿ ಬಿಹಾರದ ಸುಗೌಲಿ ದಂಡಿನಲ್ಲಿ ಇಂಗ್ಲಿಷರ ಹುಡುಗನೊಬ್ಬನನ್ನು ನಾಗರಹಾವಿನಿಂದ ಕಾಪಾಡಿದ ರಿಕ್ಕಿ ಟಿಕ್ಕಿ ಎಂಬ ಮುಂಗುಸಿಯ ಕಥೆಯನ್ನು ಹೇಳಿದನು. ಅಲ್ಲಿಯೂ ತಾಯಿಗೆ ಶಂಕೆ. ಮುಂಗುಸಿ ಹುಡುಗನ ದಿಂಬಿನ ಬಳಿ ಮಲಗುವುದನ್ನು ಕಂಡು ಕಚ್ಚೀತೆಂದು ಅವಳು ಅಂಜುತ್ತಾಳೆ. ತಂದೆ ಸಮಾಧಾನ ಹೇಳುತ್ತಾನೆ. ಆದರೆ ಆ ಮುಂಗುಸಿ ಸಾಯುವುದಿಲ್ಲ. ಕಾರಣವನ್ನು ಹುಡುಕಲು ದೂರ ಹೋಗಬೇಕಿಲ್ಲ: ಹೋರಾಟ ನಡೆಯುವಾಗ ಹಿರಿಯರು ಮನೆಯಲ್ಲಿಯೇ ಇದ್ದಾರೆ, ಕಣ್ಣಾರೆ ನೋಡುತ್ತಾರೆ. ನೋಡಿದವರಿಗೆ ಊಹಿಸುವ ಅಗತ್ಯವಿಲ್ಲ.

ಇಲ್ಲಿಗೆ ನಾವು ಕೇಳಿದ ಮೂರು ಪ್ರಶ್ನೆಗಳಿಗೆ ಉತ್ತರ ಒಂದು ಹದಕ್ಕೆ ಬರುತ್ತದೆ. ಸಾಕಿದವರು ಬೇರೆ ಬೇರೆ; ಕೈ ಎತ್ತಿದವರು ಬೇರೆ ಬೇರೆ; ಆದರೆ ಪ್ರಾಣಿ ಹತವಾದ ಈ ಎಲ್ಲ ಪಾಠಗಳಲ್ಲಿಯೂ ತೊಟ್ಟಿಲ ಬಳಿ ಹಿರಿಯರು ಇಲ್ಲ. ಪ್ರಾಣಿಯು ತಪ್ಪು ಮಾಡಿದ ಪಾಠ ಒಂದೂ ಇಲ್ಲ. ಹಾಗಿದ್ದೂ ಕಥೆಯು ಪ್ರಾಣಿಯನ್ನು ನಂಬಿರೆಂದು ನಮಗೆ ಹೇಳುವುದಿಲ್ಲ. ತಾಯಿಯ ಶಂಕೆ ಬರಿಯ ಭ್ರಮೆಯಲ್ಲವೆಂಬುದನ್ನು ಅದು ಬಲ್ಲದು. ಹುಚ್ಚು ಹಿಡಿದಿರಬಹುದಾದ ಪ್ರಾಣಿಗಳಿಂದ ಕಡಿತಕ್ಕೆ ಗುರಿಯಾಗುವವರಲ್ಲಿ ನೂರಕ್ಕೆ ಸುಮಾರು ೪೦ ಮಂದಿ ೧೫ ವರ್ಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. ೧೮೮೫ರಲ್ಲಿ ಪ್ಯಾರಿಸ್ಸಿನಲ್ಲಿ ಪಾಸ್ತರನು ತನ್ನ ಲಸಿಕೆಯಿಂದ ಉಳಿಸಿದ ಜೋಸೆಫ್ ಮೈಸ್ಟರನೂ ೯ ವರ್ಷದ ಬಾಲಕನೇ. ಎಳೆಯ ಮಗುವನ್ನು ಯಾವ ಪ್ರಾಣಿಯ ಜತೆಯಲ್ಲಿಯೂ ಒಂಟಿಯಾಗಿ ಬಿಡಬಾರದೆಂದು ಇಂದಿನ ವೈದ್ಯರು ಹೇಳುವ ಮಾತು, ಪೂರ್ಣಭದ್ರನ ಪಾಠದ ತಾಯಿ ನೀರಿಗೆ ಹೊರಡುವಾಗ ಗಂಡನಿಗೆ ಹೇಳಿದ ಮಾತೇ ಆಗಿದೆ.

ಮುಂಗುಸಿಯನ್ನು ಇಂದು ಮನೆಯಲ್ಲಿ ಸಾಕುವಂತಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ರಕ್ಷಣೆಯನ್ನು ಕೊಟ್ಟಿದೆ. ಅದರ ಸ್ಥಾನದಲ್ಲಿ ನಾಯಿ ಬೆಕ್ಕುಗಳಿವೆ. ಅವುಗಳ ಜತೆಯಲ್ಲಿ ಬೆಳೆದ ಮಗು ಮಾತು ಬಾರದ ಜೀವದ ಹಸಿವನ್ನೂ ನೋವನ್ನೂ ಅರಿಯಲು ಕಲಿಯುತ್ತದೆಂಬುದು ಅನೇಕ ಮನೆಗಳ ಅನುಭವ. ಆದರೆ ಆ ಕಲಿಕೆಗೆ ಮೂರನೆಯವರೊಬ್ಬರು, ಇಬ್ಬರನ್ನೂ ಬಲ್ಲ ಹಿರಿಯರೊಬ್ಬರು, ಹತ್ತಿರದಲ್ಲಿ ಕುಳಿತಿರಬೇಕು. ಗಂಡ ಹೆಂಡತಿ ಇಬ್ಬರೂ ದುಡಿಮೆಗೆ ಹೊರಡುವ ಇಂದಿನ ಚಿಕ್ಕ ಸಂಸಾರಗಳಲ್ಲಿ ಆ ಹಿರಿಯರು ಯಾರು ಎಂಬ ಪ್ರಶ್ನೆ, ನೀರಿಗೂ ಭಿಕ್ಷೆಗೂ ಹೊರಟ ಆ ಬಡ ಬ್ರಾಹ್ಮಣ ದಂಪತಿಗಳ ಪ್ರಶ್ನೆಗಿಂತ ಬಹಳ ಬೇರೆಯಾಗಿಲ್ಲ.

ಕಥೆಯ ಕೊನೆಯಲ್ಲಿ ಮಗು ಬದುಕಿರುತ್ತದೆ. ಅದು ಮುಂದೆ ಬೆಳೆದು ದೊಡ್ಡದಾಗಿ, ತನ್ನೊಡನೆ ಆಡಿದ ಜೊತೆಗಾರ ಏನಾದನೆಂದು ಎಂದಾದರೂ ಕೇಳಿರಬೇಕು. ತಂದೆ ತಾಯಿಗಳು ಏನು ಉತ್ತರ ಕೊಟ್ಟರೆಂಬುದನ್ನು ಈ ಪಾಠಗಳು ಹೇಳುವುದಿಲ್ಲ. ಬಹುಶಃ ಅವರು ಈ ಕಥೆಯನ್ನೇ ಹೇಳಿದರು. ಹಿರಿಯರು ಮಕ್ಕಳಿಗೆ ಹೇಳುವ ಕಥೆಗಳಲ್ಲಿ ಹಿರಿಯರೇ ತಪ್ಪನ್ನು ಒಪ್ಪಿಕೊಳ್ಳುವ ಕಥೆಗಳು ಹೆಚ್ಚಿಲ್ಲ. ಇದು ಅವುಗಳಲ್ಲಿ ಒಂದು. ಇಷ್ಟು ನಾಡುಗಳಲ್ಲಿ ಇಷ್ಟು ಕಾಲ ಇದು ಬಾಳಿಬಂದುದಕ್ಕೆ ಅದೂ ಒಂದು ಕಾರಣವಾಗಿರಬೇಕೆಂದು ನಾವು ಭಾವಿಸುತ್ತೇವೆ.